ತುರಾಬ್ ಕಾಖಿಯವರ ಮಾತೆ

ಲೆನಿನ್‌ಗ್ರಾದ್‌ನ ಪ್ರಕಾಶನ ಸಂಸ್ಥೆಯೊಂದರಲ್ಲಿ ಆ ವರ್ಷ ಸ್ವಂತ ದುಃಖಕ್ಕೆ ಪುಟಗಳ ಹಂಚಿಕೆ ಇರಲಿಲ್ಲ. ಸೋವಿಯತ್ ಒಕ್ಕೂಟದ ಸೋದರ ಜನಾಂಗಗಳ ದುಃಖಕ್ಕೆ ನಾನೂರು ಪುಟ ಮಂಜೂರಾಗಿ, ಮುನ್ನೂರು ಖಾಲಿ ಬಿದ್ದಿದ್ದವು.

ಕವಿ ಅರ್ಕಾಡಿ ಜಿಮಿನ್‌ನ ಸ್ವಂತ ಕವಿತೆಗಳು ಏಳು ಸಲ ವಾಪಸಾಗಿದ್ದವು. ಹೊಟ್ಟೆಪಾಡಿಗೆ ಅವನು ಅನುವಾದ ಮಾಡುತ್ತಿದ್ದ. ದೂರದ ಸೀಮೆಗಳಿಂದ ಪದಕ್ಕೆ ಪದ ಅರ್ಥ ಬರೆದ ಹಾಳೆ ಬರುತ್ತಿತ್ತು. ಆ ಭಾಷೆಯ ಗಂಧಗಾಳಿ ಇಲ್ಲದೆ ಇವನು ಅದಕ್ಕೆ ರಷ್ಯನ್ ಪ್ರಾಸ ಕೂಡಿಸುತ್ತಿದ್ದ. ಎಲ್ಲರೂ ಹಾಗೇ ಮಾಡುತ್ತಿದ್ದರು.

ತಾಯಿ ವಾರ್ವಾರಾ ಸಾಯುವಾಗ ಕೇಳಿದ್ದು ಒಂದೇ. "ನನ್ನ ಮೇಲೂ ಏನಾದ್ರೂ ಬರಿಯೋ. ಅಚ್ಚಾಗ್ಲಿ. ಅಡುಗೆಮನೆಯೋರು ಓದ್ಲಿ." ಆ ಅಡುಗೆಮನೆಯನ್ನು ಆರು ಸಂಸಾರಗಳು ಹಂಚಿಕೊಂಡಿದ್ದವು.

ಅವನು ಬರೆದ. ಕೆಟ್ಟ ಬಲ್ಬನ್ನು ಕಾಲುಚೀಲದೊಳಗಿಟ್ಟು ತೂತು ಹೊಲಿಯುವ ತಾಯಿ. ನದಿಯಾಚೆಯ ಸ್ಮಶಾನದ ಹದಿನಾಲ್ಕನೇ ಸಾಲಿನ ಕೊನೆಯಲ್ಲಿ, ಬರ್ಚ್ ಮರದಡಿ ಅವಳ ಸಮಾಧಿ.

ಸಂಪಾದಕಿ ಕ್ಲಾವ್ದಿಯಾ ಸಾವಿಷ್ನಾ ಓದಿ ಕಣ್ಣೊರೆಸಿಕೊಂಡರು. "ಚೆನ್ನಾಗಿದೆ ಅರ್ಕಾಡಿ ಪೆಟ್ರೋವಿಚ್. ಆದ್ರೆ ಇದು ನಿಮ್ಮದು. ಬೇರೆ ಯಾರದ್ದಾದ್ರೂ ಆಗಿದ್ರೆ ನಾಳೇನೇ ಅಚ್ಚಿಗೆ ಕಳಿಸ್ತಿದ್ದೆ."

ಎರಡು ವಾರ ಬಿಟ್ಟು ಅದೇ ಕವಿತೆ ಬೇರೆಯವರದ್ದಾಗಿ ಬಂತು. ಮೂಲ: ಬೆಟ್ಟಸೀಮೆಯ ಕುರಿ ಕಾಯುವ ಕವಿ ತುರಾಬ್ ಕಾಖಿ. ಈ ಮಹಾಶಯ ಹುಟ್ಟಿದ್ದು ಜಿಮಿನ್‌ನ ಟೈಪ್‌ರೈಟರಿನಲ್ಲಿ.

"ಎಲ್ಲೋ ಓದಿದ ಹಾಗಿದೆಯಲ್ಲ," ಎಂದರು ಕ್ಲಾವ್ದಿಯಾ.

"ಒಳ್ಳೇ ಕವಿತೆ ಹಾಗೇ ಅನ್ಸುತ್ತೆ."

ಒಪ್ಪಿಗೆಯ ಮುದ್ರೆ ಬಿತ್ತು. ಕವಿತೆ ಪಠ್ಯಪುಸ್ತಕ ಸೇರಿತು. ತುರಾಬ್‌ಗೆ ಪ್ರಶಸ್ತಿ ಬಂತು. ಕುರಿ ಮರಿ ಹಾಕುವ ಕಾಲವಾದ್ದರಿಂದ ಕವಿ ಬರಲಾಗಲಿಲ್ಲವೆಂದು ಪ್ರಕಟಿಸಲಾಯಿತು. ಅವರ ಮಾತೆಯ ಸಮಾಧಿಯನ್ನು ಪತ್ತೆಹಚ್ಚಿ ಗೌರವಿಸತಕ್ಕದ್ದೆಂದು ಸಮಿತಿಯೊಂದು ರಚನೆಯಾಯಿತು. ವಿಳಾಸ ಕವಿತೆಯಲ್ಲೇ ಇದ್ದುದರಿಂದ ಕೆಲಸ ಅರ್ಧ ದಿನದಲ್ಲಿ ಮುಗಿಯಿತು.

"ಬೆಟ್ಟದ ಮುದುಕಿ ಇಲ್ಲಿಗ್ಯಾಕೆ ಬಂದ್ಲು?" ಎಂದು ಸದಸ್ಯರೊಬ್ಬರು ಕೇಳಿದರು.

"ಅನುವಾದ ಆಗಿದ್ದು ಇಲ್ಲೇ ಅಲ್ವೇನ್ರಿ?" ಎಂದರು ಅಧ್ಯಕ್ಷರು. ಉತ್ತರವನ್ನು ನಡಾವಳಿಯಲ್ಲಿ ದಾಖಲಿಸಲಾಯಿತು.

ವಾರ್ವಾರಾ ಎಂಬ ಹೆಸರಿದ್ದ ಮರದ ಫಲಕ ಕಿತ್ತು ಅಮೃತಶಿಲೆ ನೆಟ್ಟರು: 'ಕವಿ ತುರಾಬ್ ಕಾಖಿಯವರ ಮಾತೆ'. ಸುತ್ತ ಬೇಲಿ, ಬೇಲಿಗೆ ಕಾವಲುಗಾರ, ಒಳಹೋಗಲು ಪಾಸು.

ಜಿಮಿನ್ ಸಂಪಾದಕಿಯ ಕೋಣೆಗೆ ಓಡಿ ಬಂದ. "ಕ್ಲಾವ್ದಿಯಾ ಸಾವಿಷ್ನಾ, ಅದು ನನ್ನಮ್ಮ."

ಅವರು ಬಾಗಿಲು ಮುಚ್ಚಿದರು. "ಮೆಲ್ಲಗೆ. ತುರಾಬ್ ಇಲ್ಲ ಅಂತಾದ್ರೆ ನಾವಿಬ್ರೂ ಇರಲ್ಲ. ಅರ್ಜಿ ಹಾಕಿ, ಪಾಸ್ ಕೊಡಿಸ್ತೀನಿ."

ಅರ್ಜಿಯಲ್ಲಿ 'ಮೃತರಿಗೆ ಏನಾಗಬೇಕು' ಎಂಬಲ್ಲಿ ಅವನು 'ಮಗ' ಎಂದು ಬರೆದ. ಅರ್ಜಿ ಷರಾದೊಂದಿಗೆ ಮರಳಿತು: 'ಸದರಿ ಸ್ಥಾನ ಈಗಾಗಲೇ ಭರ್ತಿಯಾಗಿದೆ.' 'ಅನುವಾದಕ' ಎಂದು ತಿದ್ದಿದ. ಅಂದೇ ಮಂಜೂರಾಯಿತು.

ಈಸ್ಟರ್ ಕಳೆದ ಮೇಲೆ, ಸತ್ತವರನ್ನು ನೆನೆಯುವ ದಿನ, ಈರುಳ್ಳಿ ಸಿಪ್ಪೆಯಲ್ಲಿ ಬಣ್ಣಗಟ್ಟಿಸಿದ ಮೊಟ್ಟೆ ಹಿಡಿದು, ಪಾಸು ತೋರಿಸಿ ಅವನು ಒಳಗೆ ಹೋದ. ಅಡುಗೆಮನೆಯ ಉಳಿದ ಐದೂ ಸಂಸಾರದವರು ಪಾಸು ಪಡೆದು ಆಗಲೇ ಬಂದಿದ್ದರು. ವಾರ್ವಾರಾಳ ಮಣ್ಣಿಗೆ ಅವರ್ಯಾರೂ ಬಂದಿರಲಿಲ್ಲ; ಸಾಲಿನ ನಂಬರು ಅವರಿಗೆ ಪದ್ಯದಿಂದಲೇ ಗೊತ್ತಾಗಿತ್ತು. ಎಲ್ಲರಿಗೂ ಪದ್ಯ ಬಾಯಿಪಾಠ. ಮುದುಕಿ ಫ್ಯೋಕ್ಲಾ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ನೋಡೋ, ಕುರಿ ಕಾಯೋನಾದ್ರೂ ಹೆತ್ತೋಳನ್ನ ಹೇಗೆ ನೆನೆಸ್ಕೊಂಡಿದಾನೆ. ಥೇಟ್ ನಮ್ಮ ವಾರ್ವಾರಾ ಥರಾನೇ ಬಲ್ಬಿಟ್ಟು ಹೊಲೀತಿದ್ಲಂತೆ. ನೀನೂ ಕವಿ ಅಂತೀಯ. ಅವಳ ಮೇಲೆ ಒಂದು ಸಾಲು ಬರೆದ್ಯಾ?"

ಕಾವಲುಗಾರ ಇತ್ತಲೇ ನೋಡುತ್ತಿದ್ದ.

"ಇಲ್ಲ, ಫ್ಯೋಕ್ಲಾ ಚಿಕ್ಕಮ್ಮ," ಎಂದ ಜಿಮಿನ್. ಮೊಟ್ಟೆಯನ್ನು ಕಲ್ಲಿನ ಮೇಲಿಟ್ಟು, ಅವರ ಜೊತೆ ನಿಂತು ಅವನೂ ಅತ್ತ. ಅನುವಾದಕರಿಗೆ ನಿಗದಿಯಾಗಿದ್ದ ಹತ್ತು ನಿಮಿಷ ಮುಗಿದ ಮೇಲೆ ಪುಸ್ತಕದಲ್ಲಿ ಸಹಿ ಹಾಕಿ ಹೊರಬಂದ.