ಹದಿನಾಲ್ಕನೇ ಕಲಂ

ಎರೆಹುಳ ಮೇಷ್ಟ್ರ ಬಾಯಿಂದ ಆ ಬೆಳಿಗ್ಗೆ "ಕೊಡಿ, ನೋಡೋಣ" ಎಂಬ ಮಾತು ಬರಬಾರದಿತ್ತು.

ವಿದೇಶಕ್ಕೆ ಹೋಗಿ ಆರು ತಿಂಗಳು ಸಂಶೋಧನೆ ಮಾಡುವ ಫೆಲೋಶಿಪ್ಪಿಗೆ ಅಂದೇ ಕೊನೆಯ ದಿನ. ಸಂಜೆ ಐದರೊಳಗೆ ವಿಭಾಗದ ಮುಖ್ಯಸ್ಥೆ ಸಹಿ ಹಾಕಿ ಅರ್ಜಿ ಕಳಿಸಬೇಕು. ಮೇಷ್ಟ್ರು ಹನ್ನೊಂದು ವರ್ಷದ ಹಿಂದೆ ಅಗೆದು ತೆಗೆದ ನೀಲಿ ಎರೆಹುಳು ಹೊಸ ಜಾತಿಯೋ ಅಲ್ಲವೋ ಎಂದು ಹೋಲಿಸಿ ನೋಡಲು ಜಗತ್ತಿನಲ್ಲಿ ಇದ್ದದ್ದು ಒಂದೇ ಹುಳು. ಅದೂ ದೂರದ ಚಳಿದೇಶದ ಮ್ಯೂಸಿಯಮ್ಮಿನ ಸೀಸೆಯೊಳಗೆ. ಮುಂದಿನ ತಿಂಗಳು ನಲವತ್ತೈದು ತುಂಬಿದರೆ ಮೇಷ್ಟ್ರಿಗೆ ಅರ್ಜಿ ಹಾಕುವ ವಯಸ್ಸೇ ಮುಗಿಯುತ್ತಿತ್ತು. ಹೆಂಡತಿ ಆಗಲೇ ಸ್ವೆಟರ್ ಹೆಣೆದು ಚೀಲಕ್ಕೆ ತುರುಕಿದ್ದಳು. "ಮುಖ್ಯಸ್ಥೆಗೆ ತೋರಿಸ್ರೀ, ತಯಾರಾಗಿದ್ದೀರಿ ಅಂತಾದ್ರೂ ಗೊತ್ತಾಗ್ಲಿ."

ಅದೇ ಫೆಲೋಶಿಪ್ಪಿನ ಅರ್ಜಿ ಹಿಡಿದು ಮೊದಲು ಬಂದದ್ದು ವಿಭಾಗದ ಚಿಟ್ಟೆ ಮೇಡಂ. "ಮೇಷ್ಟ್ರೇ, ನಂಗೆ ಕಂಬಳಿಹುಳ ಸಾಕೋಕೆ ಬರುತ್ತೆ, ಅರ್ಜಿ ಬರೆಯೋಕೆ ಬರಲ್ಲ."

"ಕೊಡಿ, ನೋಡೋಣ."

ಮೇಷ್ಟ್ರ ಕೈ ತಾಗಿದ ಅರ್ಜಿ ಬೆಳಗಿದ ಚೊಂಬಿನಂತೆ ಹೊಳೆಯುತ್ತಿತ್ತು. ಓದಿದ ಚಿಟ್ಟೆ ಮೇಡಂಗೆ ತಮ್ಮ ಮೇಲೆ ತಮಗೇ ಗೌರವ ಹುಟ್ಟಿತು. ಸುದ್ದಿ ಕಾರಿಡಾರಿನ ತುದಿ ಮುಟ್ಟುವಷ್ಟರಲ್ಲಿ ಪಾಚಿ ಮೇಷ್ಟ್ರು ಹಾಜರು, ಅವರ ಬೆನ್ನಿಗೇ ಕಪ್ಪೆ ಸಾರ್.

"ಹದಿನಾಲ್ಕನೇ ಕಲಂ ಖಾಲಿ ಇದೆಯಲ್ಲ ಸಾರ್? ನೀವಿಲ್ಲದಾಗ ಕಪ್ಪೆಗಳನ್ನ ಯಾರು ನೋಡ್ಕೋತಾರೆ?"

"ಅಯ್ಯೋ, ಯಾರಾದ್ರೂ ನಂಬಿಕಸ್ಥರ ಹೆಸರು ಹಾಕ್ಬಿಡಿ ಮಾರಾಯ್ರೇ!" ಎಂದು ಕಪ್ಪೆ ಸಾರ್ ಊಟಕ್ಕೆ ಜಿಗಿದರು.

ಉಳಿದಿಬ್ಬರೂ ಅದನ್ನೇ ಹೇಳಿದ್ದರು. ಮೂರು ಸಲವೂ ಮೇಷ್ಟ್ರು ಅವಸರದಲ್ಲಿ ತಟ್ಟನೆ ಹೊಳೆದ ಹೆಸರನ್ನು ಗೀಚಿದರು.

ಸ್ವಂತ ಅರ್ಜಿ ಮುಗಿಸುವಾಗ ಗಂಟೆ ನಾಲ್ಕೂಮುಕ್ಕಾಲು. ತಮ್ಮ ಹದಿನಾಲ್ಕನೇ ಕಲಮಿನಲ್ಲಿ "ಯಾರೂ ಬೇಡ, ಒದ್ದೆ ಮಣ್ಣು ಸಾಕು" ಎಂದು ಬರೆದು ಓಡಿದರು.

ಮುಖ್ಯಸ್ಥೆ ಓದುತ್ತಾ ಓದುತ್ತಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಎಂಥಾ ಬರವಣಿಗೆ ಮೇಷ್ಟ್ರೇ! ಈ ಹುಳದ ಮೇಲೆ ನಂಗೇ ಪ್ರೀತಿ ಬಂತು. ಆದ್ರೆ ಸಹಿ ಹಾಕೋ ಹಾಗಿಲ್ಲ."

"ಯಾಕೆ ಮೇಡಂ?"

ಅವರು ಮೂರು ಅರ್ಜಿಗಳ ಪ್ರತಿಯನ್ನು ಮೇಜಿನ ಮೇಲೆ ಹರಡಿದರು. ಮೂರರ ಹದಿನಾಲ್ಕನೇ ಕಲಮಿನಲ್ಲೂ ಇದ್ದದ್ದು ಎರೆಹುಳ ಮೇಷ್ಟ್ರ ಹೆಸರೇ. ಮುದ್ದಾದ ಅಕ್ಷರವೂ ಅವರದೇ.

"ಇವನ್ನ ಮಧ್ಯಾಹ್ನವೇ ಕಳಿಸಿಯಾಯ್ತು, ತಿದ್ದೋಕಾಗಲ್ಲ. ನೀವಿಲ್ಲದೆ ನಿಮ್ಮ ಹುಳ ಬದುಕುತ್ವೆ. ಇವರದು ಬದುಕಲ್ವಲ್ಲ!"

ಗಡಿಯಾರ ಐದು ಹೊಡೆಯಿತು. ಮೇಷ್ಟ್ರು ಚೀಲ ಎತ್ತಿಕೊಂಡು ಹೊರಬಂದರು. ಬಾಗಿಲಲ್ಲೇ ಕಾದಿದ್ದ ಕಪ್ಪೆ ಸಾರ್ ಚೀಲದೊಳಗೆ ಇಣುಕಿದವರೇ ಅವರ ಎರಡೂ ಕೈ ಹಿಡಿದುಕೊಂಡರು.

"ನಿಮ್ಮಂಥೋರು ಎಲ್ಲಿ ಸಿಗ್ತಾರೆ ಮೇಷ್ಟ್ರೇ! ನನ್ನ ಕಪ್ಪೆ ಕೋಣೆ ಮಂಜುಗಡ್ಡೆ ಥರ ಕೊರೆಯುತ್ತೆ, ಹೇಗೆ ಹೇಳೋದು ಅಂತಿದ್ದೆ. ನೀವು ಆಗ್ಲೇ ಸ್ವೆಟರ್ ತಂದ್ಬಿಟ್ಟಿದೀರಿ!"