ವಿವೇಕ ಭವನದ ಅಧಿಕೃತ ನೆರಳು

ವೆರ್ಮೋಲ್ ಪಟ್ಟಣದ ವಿವೇಕ ಭವನವು ಕ್ರಾಂತಿಯ ಮೂರನೆಯ ವರ್ಷದಲ್ಲಿ ಪೂರ್ಣಗೊಂಡಿತೆಂದೂ, ಆದರೆ ಅದರ ನೆರಳು ನಕ್ಷೆಗೆ ಅನುಗುಣವಾಗಿ ಬೀಳುತ್ತಿಲ್ಲವೆಂದೂ ಪುರಸಭೆಯು ವಿಷಾದದಿಂದ ದಾಖಲಿಸಿತು.

ನಕ್ಷೆ ಬರೆದವನು ಬಜೀಲ್. ಪ್ಯಾರಿಸ್ಸಿನ ಶಾಲೆಯಲ್ಲಿ ಕಲಿಸಿದಂತೆ ಬೆಳಕನ್ನು ಎಡ ಮೇಲ್ಮೂಲೆಯಿಂದ ಬಿಟ್ಟು, ಕಂಬಗಳ ನೆರಳನ್ನು ಬಲಕ್ಕೆ ನೀರು ಬೆರೆಸಿದ ಮಸಿಯಲ್ಲಿ ಬಳಿದಿದ್ದ. ನಕ್ಷೆಯಲ್ಲಿ ಬೆಳಕು ಎಡದಿಂದಲೇ ಬರಬೇಕು, ಯಾಕೆಂದು ಕೇಳಿದವರಿಲ್ಲ. ಭವನವೋ ಪಶ್ಚಿಮಕ್ಕೆ ಮುಖಮಾಡಿ ನಿಂತಿತ್ತು. ಸೂರ್ಯ ಮಧ್ಯಾಹ್ನದ ಮೇಲೆ ಬಂದು, ಬಲದಿಂದ ಬೆಳಗಿ ಹೋಗುತ್ತಿದ್ದ.

ರಾಜಧಾನಿಯಿಂದ ಬಂದ ನಿರೀಕ್ಷಕ ವಿಡಾಲೆಂ ಇನ್ನೊಂದು ದೋಷವನ್ನೂ ಕಂಡುಹಿಡಿದ. ಭವನದ ಮುಂದೆ ಒಂದು ಲಿಂಡನ್ ಮರವಿತ್ತು. ನಕ್ಷೆಯಲ್ಲಿ ಮರವಿರಲಿಲ್ಲ. ಆದ್ದರಿಂದ ಮರವನ್ನು ಕಡಿಯತಕ್ಕದ್ದೆಂದ.

ಆ ಮರದ ತಂಪಿನಲ್ಲಿ ಬೆಣ್ಣೆ ಮಾರುತ್ತಿದ್ದವಳು ಬಜೀಲನ ಹೆಂಡತಿ ಲಿಯೊಕಾದಿ. ಮನೆಯ ಒಲೆ ಉರಿಯುತ್ತಿದ್ದುದು ಆ ಬೆಣ್ಣೆಯಿಂದ. ನಕ್ಷೆಗೆ ಪುರಸಭೆ ಕೊಟ್ಟದ್ದು ಪ್ರಶಂಸೆ ಮಾತ್ರ.

"ಒಂದು ಮರ ಬರೆದಿದ್ರೆ ನಿನ್ನ ಕೈ ಸವೆದು ಹೋಗ್ತಿತ್ತಾ?" ಎಂದಳು.

"ಮರ ಬರೆದ್ರೆ ಕಂಬ ಮುಚ್ಚಿಹೋಗುತ್ತೆ ಕಣೇ."

"ಹಾಗಿದ್ರೆ ಇನ್ಮೇಲೆ ರೊಟ್ಟಿಗೆ ಕಂಬ ಹಚ್ಕೊಂಡು ತಿನ್ನು."

ಬಜೀಲನಿಗೆ ನಾಚಿಕೆಯಾಯಿತು. ಮರವನ್ನು ನಕ್ಷೆಗೆ ಸೇರಿಸಿಕೊಡುತ್ತೇನೆಂದು ಪುರಸಭೆಯಲ್ಲಿ ಅಂಗಲಾಚಿದ. ನಕ್ಷೆ ವಿವೇಕದಿಂದ ಹುಟ್ಟಿದ್ದು, ಮರ ತಾನಾಗಿ ಹುಟ್ಟಿದ್ದು, ಆದ್ದರಿಂದ ತಪ್ಪು ಮರದ್ದೇ ಎಂದು ನಿರೀಕ್ಷಕ ತಾಳ್ಮೆಯಿಂದ ವಿವರಿಸಿದ.

ಮರ ಉರುಳಿತು. ಗೋಡೆಯ ಮೇಲೆ, ಅದು ಸಾಲದೆಂದು ಮುಂದಿನ ಕಲ್ಲುಹಾಸಿನ ಮೇಲೂ, ನಕ್ಷೆಯಲ್ಲಿದ್ದಂತೆಯೇ ಬೂದುಬಣ್ಣದಲ್ಲಿ ನೆರಳು ಬಳಿಯಲಾಯಿತು. ಬಳಿದವನು ಬಜೀಲನೇ. ಮರುದಿನ ತಮಟೆ ಬಾರಿಸಿ ಸಾರಿದರು:

"ಈ ನೆರಳು ಸಕಲ ನಾಗರಿಕರಿಗೂ ಸಮಾನ. ಸೂರ್ಯನು ಬೀಳಿಸುವ ನೆರಳು ಅನಧಿಕೃತ. ಅಧಿಕೃತ ನೆರಳಿನಲ್ಲಿ ಯಾರೂ ಬೆವರತಕ್ಕದ್ದಲ್ಲ. ಅಲ್ಲಿಟ್ಟ ಬೆಣ್ಣೆ ಕರಗತಕ್ಕದ್ದಲ್ಲ. ಕರಗಿತೆಂದವರ ಅಂಗಡಿಯ ಜಾಗವನ್ನು ಹಿಂಪಡೆಯಲಾಗುವುದು."

ಜುಲೈ ತಿಂಗಳ ಕಡುಬೇಸಿಗೆಯ ಬಿಸಿಲಲ್ಲಿ ಇದನ್ನು ಕೇಳಿ ಜನ ಮೊದಲು ನಕ್ಕರು. ಆಮೇಲೆ ಮೇಯರ್ ಸಾಹೇಬರು ಬೂದು ಪಟ್ಟೆಯ ಮೇಲೆ ನಿಂತು "ಆಹಾ, ತಂಪು" ಎಂದರು. ಅಲ್ಲಿಂದ ಮುಂದೆ ಪಟ್ಟೆಯ ಮೇಲೆ ಜಾಗಕ್ಕೆ ನೂಕುನುಗ್ಗಲು. ಲಿಯೊಕಾದಿ ಎರಡು ದಿನ ಬಿಸಿಲಲ್ಲಿ ಹಟ ಹಿಡಿದು ಕೂತಳು. ಗಿರಾಕಿಗಳೆಲ್ಲ ನೆರಳಿಗೆ ಹೋದ ಮೇಲೆ ಅವಳೂ ಮೇಜು ಎಳೆದುಕೊಂಡು ಹೋದಳು.

ಮೇಯರ್ ಮನೆಯ ಅಡುಗೆಯವಳು ಚೊಂಬು ಹಿಡಿದು ಬಂದಳು.

"ಗಟ್ಟಿ ಇದೆಯೇನಮ್ಮಾ?"

"ಕಲ್ಲಿನಂತಿದೆ ತಾಯಿ. ನೆರಳಲ್ಲಿಟ್ಟದ್ದು."

"ಹಾಗಾದ್ರೆ ಎರಡು ಸೌಟು ಹಾಕು."

ಲಿಯೊಕಾದಿ ಗಂಡನ ಮುಖ ನೋಡದೆ ಸುರಿದಳು. ಪಕ್ಕದಲ್ಲಿ ನಿಂತಿದ್ದ ಬಜೀಲ್, ನಿರೀಕ್ಷಕ ಬರುತ್ತಿರುವುದನ್ನು ಕಂಡು, ಚಳಿಯಾದವನಂತೆ ಕೋಟಿನ ಗುಂಡಿ ಹಾಕಿಕೊಂಡ.