ಅಂಟುರಾಯರ ಗಾಜಿನ ಕುಸ್ತಿ

ಜಗತ್ತಿನಲ್ಲಿ ಯಾವುದು ಯಾವುದಕ್ಕೆ ಅಂಟುತ್ತದೆ, ಎಷ್ಟು ದಿನ ಅಂಟಿಕೊಂಡಿರುತ್ತದೆ, ಯಾವ ಗಳಿಗೆಯಲ್ಲಿ ಕೈಬಿಡುತ್ತದೆ ಎಂಬುದು ತಮಗೆ ಗೊತ್ತಿರುವಷ್ಟು ಸೃಷ್ಟಿ ಮಾಡಿದವನಿಗೂ ಗೊತ್ತಿಲ್ಲ ಎಂದು ಅಂಟುರಾಯರು ನಂಬಿದ್ದರು. ಅಂಟುರಾಯರು ಎಂಬುದು ಓಣಿಯವರು ಇಟ್ಟ ಹೆಸರು. ಅದನ್ನು ಅವರು ಬಿರುದೆಂದೇ ತಿಳಿದಿದ್ದರು.

ಅಂಟಿನ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಸವೆಸಿದವರು. ಕೆಲಸ ಇಷ್ಟೇ: ಎರಡು ತುಂಡುಗಳನ್ನು ಅಂಟಿಸುವುದು, ಯಂತ್ರಕ್ಕೆ ಸಿಕ್ಕಿಸುವುದು, ಅವು ಬಿಟ್ಟುಕೊಳ್ಳುವ ತನಕ ನೇರವಾಗಿ ಮೇಲಕ್ಕೆ ಎಳೆಸುವುದು. ಕೂದಲೆಳೆಯಷ್ಟು ಓರೆಯಾದರೂ ಆ ಪರೀಕ್ಷೆ ಲೆಕ್ಕಕ್ಕಿಲ್ಲ. ‘ನೇರ ಎಳೆತ’ ಎಂದು ಕೋಣೆಯ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದಿತ್ತು. ಅದು ಗೋಡೆಯಿಂದ ಇಳಿದು ಅವರ ತಲೆಯೊಳಗೆ ಹೊಕ್ಕು ಎಷ್ಟೋ ಕಾಲವಾಗಿತ್ತು. ಪಕ್ಕಕ್ಕೆ ಸರಿಸುವ ಕಪಾಟಿನ ಬಾಗಿಲನ್ನೂ ಒಮ್ಮೆ ನೇರವಾಗಿ ಎಳೆದು, ಮರದ ಹಿಡಿಕೆಯನ್ನು ಕಿತ್ತು ಕೈಗೆ ತಂದುಕೊಂಡಿದ್ದರು. ಹಿಡಿಕೆ ಇನ್ನೂ ಕಿಟಕಿಯ ಮೇಲೆ ಕೂತಿತ್ತು.

ಈಗ ಪರೀಕ್ಷಾ ಕೋಣೆಯ ಮುಖ್ಯಸ್ಥರು ನಿವೃತ್ತರಾಗಿ ಅವರ ಕುರ್ಚಿ ಖಾಲಿಯಾಗಿತ್ತು. ಸೋಮವಾರ ಹೊಸ ಹೆಸರು ಹೊರಬೀಳುವುದಿತ್ತು. ಅದಕ್ಕೂ ಮುನ್ನ, ಭಾನುವಾರ ಸಂಜೆ ನಾಲ್ಕಕ್ಕೆ, ಕಾರ್ಖಾನೆಯ ದೊಡ್ಡ ಸಾಹೇಬರು ಅಂಟುರಾಯರ ಮನೆಗೆ ಚಹಾಕ್ಕೆ ಬರುತ್ತೇನೆಂದಿದ್ದರು.

“ಊಟದ ಮೇಜಿಗೆ ಹೊಸ ಗಾಜು ಹಾಕ್ತೀನಿ. ಯಾರೂ ಮುಟ್ಟಬಾರದು, ನನ್ನ ಕೈಯಾರೆ ಹಾಕ್ತೀನಿ,” ಎಂದು ಅಂಟುರಾಯರು ಸಾರಿದರು. “ಸಾಹೇಬರು ಚಹಾಕ್ಕೆ ಬಗ್ಗಿದ್ರೆ ಗಾಜಲ್ಲಿ ನನ್ನ ಕೆಲಸ ಕಾಣ್ಬೇಕು.”

“ಗಾಜಲ್ಲಿ ಅವರ ಮುಖ ತಾನೇ ಕಾಣೋದು?” ಎಂದಳು ಹೆಂಡತಿ.

ಭಾನುವಾರ ಬೆಳಿಗ್ಗೆ ಗಾಜಿನಂಗಡಿಯವನು ಎರಡು ಗಾಜು ತಂದಿಳಿಸಿದ. ಒಂದು ಇವರದು; ನಾಲ್ಕು ಬೆರಳು ಗಿಡ್ಡದಾದ ಇನ್ನೊಂದು ಮಹಡಿ ಮನೆಯ ನರ್ಸಮ್ಮನದು. ನರ್ಸಮ್ಮ ಕೆಲಸ ಮುಗಿಸಿ ಬಂದು ಒಯ್ಯುವವರಿದ್ದರು. ಎರಡರ ನಡುವೆ ಹಳೇ ಸುದ್ದಿಪತ್ರಿಕೆ ಇತ್ತು.

“ಪೇಪರ್ ತೆಗೀಬೇಡಿ ಸಾರ್.”

“ಯಾಕಯ್ಯಾ?”

“ನಮ್ಮಪ್ಪ ಹಾಕ್ತಿದ್ದ, ನಾನೂ ಹಾಕ್ತೀನಿ.”

“ಇದೇ ನೋಡು ತೊಂದ್ರೆ. ಯಾಕೆ ಅಂತ ಯಾರೂ ಕೇಳೋದೇ ಇಲ್ಲ,” ಎಂದ ಅಂಟುರಾಯರು, ತಾವೂ ಮುಂದೆ ಕೇಳದೆ, ಅವನು ಹೋದದ್ದೇ ಪತ್ರಿಕೆ ಎಳೆದು ಮೂಲೆಗೆ ಬಿಸಾಡಿದರು. ಎರಡೂ ಗಾಜನ್ನು ಸೋಪು ಹಾಕಿ ತೊಳೆದರು. ಗಾಜಿದೆಯೋ ಇಲ್ಲವೋ ಅನುಮಾನ ಬರುವಷ್ಟು ತೊಳೆದರು. ತಮ್ಮದನ್ನು ಮೇಜಿನ ಮೇಲೆ ಹಾಸಿದರು. ನರ್ಸಮ್ಮನದನ್ನು ಇಡಲು ಬೇರೆ ಜಾಗ ಕಾಣದೆ ಅದರ ಮೇಲೆಯೇ ಮಲಗಿಸಿದರು. ಚೂರು ತೇವ ಉಳಿದಿತ್ತು. ನೀರು ತಾನೇ, ಆರುತ್ತೆ ಎಂದುಕೊಂಡರು.

ಮಧ್ಯಾಹ್ನ ಮೂರಕ್ಕೆ ನರ್ಸಮ್ಮ ಬಂದರು. ಅಂಟುರಾಯರು ಮೇಲಿನ ಗಾಜನ್ನು ಎತ್ತಿದರು. ಕೆಳಗಿನದೂ ಜೊತೆಗೇ ಎದ್ದಿತು. ಇಳಿಸಿ ಮತ್ತೆ ಎತ್ತಿದರು. ಮತ್ತೆ ಎರಡೂ ಎದ್ದವು.

ಅಡುಗೆಮನೆಯ ಬಾಗಿಲಲ್ಲಿ ಕೂತು ಚಹಾದ ಕಪ್ಪುಗಳನ್ನು ಒರೆಸುತ್ತಿದ್ದ ಅತ್ತೆ ತಲೆ ಎತ್ತಿದರು. “ಅಳಿಯಂದ್ರೇ, ಅದನ್ನ ಹಾಗೇ ಒಂಚೂರು...”

“ಇರಿ ಅತ್ತೇ, ಇದು ನಮ್ಮ ಪರೀಕ್ಷಾ ಕೋಣೆ ವಿಷಯ.” ಅಂಟುರಾಯರು ಹೆಂಡತಿಗೂ ನರ್ಸಮ್ಮನಿಗೂ ಪಾಠ ಶುರುಮಾಡಿದರು. “ಮಧ್ಯೆ ನೀರಿನ ಪದರ ಇದೆ. ಕೂದಲಿಗಿಂತ ತೆಳು. ಎರಡೂ ಗಾಜು ಅದನ್ನ ಕಚ್ಕೊಂಡಿವೆ, ಗಾಳಿ ನುಗ್ಗೋಕೆ ಸಂದಿಲ್ಲ. ಅಷ್ಟೇ.”

“ಹಾಗಾದ್ರೆ ನೀರೂ ಅಂಟೇ ಅನ್ನಿ,” ಎಂದಳು ಹೆಂಡತಿ.

“ನೀರು ಅಂಟಾ? ಅಂಟು ಅಂದ್ರೆ ನಾವು ಮಾಡೋದು. ಅದು ಬರೀ ನೀರು.”

“ಬರೀ ನೀರು ಬಿಡ್ತಾನೇ ಇಲ್ವಲ್ಲ ರೀ.”

ಹೆಂಡತಿ, ನರ್ಸಮ್ಮ ಇಬ್ಬರೂ ಕೆಳಗಿನ ಗಾಜಿನ ಹೊರಚಾಚಿದ ಅಂಚು ಹಿಡಿದು ಒತ್ತಿದರು. ಅಂಟುರಾಯರು ಮೇಲಿನದರ ಅಂಚಿಗೆ ಉಗುರು ಕೊಟ್ಟು ಎಳೆದರು. ಉಗುರು ಮುರಿಯಿತು. ಚಾಕು ತಂದರು.

“ಚಾಕು ತುರುಕಿ ನನ್ನ ಗಾಜು ಒಡೆದ್ರೆ, ಬ್ಯಾಂಡೇಜು ಕಟ್ಟೋಕೆ ನಾನು ಬರಲ್ಲ,” ಎಂದರು ನರ್ಸಮ್ಮ.

ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಎರಡು ಗಾಜನ್ನು ಬಿಡಿಸಲಾರದವನಿಗೆ ಬಿಡಿಸಿ ನೋಡುವ ಕೋಣೆಯ ಕುರ್ಚಿ ಯಾರು ಕೊಡುತ್ತಾರೆ? ಆಗಲೇ ಅಂಟುರಾಯರ ಕಣ್ಣು ಕಿಟಕಿಯ ಮೇಲಿನ ಹಿಡಿಕೆಗೆ ಬಿತ್ತು. ಕಾರ್ಖಾನೆಯಲ್ಲಿ ಮಾಡುವಂತೆಯೇ ಮಾಡಿದರಾಯಿತು. ಹಿಡಿಕೆಯನ್ನು ಮೇಲಿನ ಗಾಜಿಗೆ ಅಂಟಿಸುವುದು, ನೇರವಾಗಿ ಎಳೆಯುವುದು. ತಮ್ಮ ಕಾರ್ಖಾನೆಯ ಅತ್ಯುತ್ತಮ ಅಂಟಿನ ಡಬ್ಬಿ ತೆರೆದರು. ಕಾಲು ಗಂಟೆಯಲ್ಲಿ ಕಲ್ಲಾಗುವ ಅಂಟು. ಡಬ್ಬಿಯ ಮೇಲೆ ಛಾವಣಿಗೆ ಅಂಟಿ ನೇತಾಡುವ ಆನೆಯ ಚಿತ್ರವಿತ್ತು. ಆನೆ ನಗುತ್ತಿತ್ತು.

“ಅಳಿಯಂದ್ರೇ, ಪಕ್ಕಕ್ಕೆ...” ಎಂದರು ಅತ್ತೆ.

“ನಾನೇನೂ ಅಡ್ಡ ಇಲ್ವಲ್ಲ ಅತ್ತೇ, ಈ ಕಡೆಯಿಂದ ಹೋಗಿ.”

ನಾಲ್ಕಕ್ಕೆ ಸರಿಯಾಗಿ ಸಾಹೇಬರು ಬಂದರು. ಅವರೂ ಅದೇ ಪರೀಕ್ಷಾ ಕೋಣೆಯಿಂದ ಮೇಲೆ ಹೋದವರು. ಮೇಜನ್ನೂ ಹಿಡಿಕೆಯನ್ನೂ ನೋಡಿದ್ದೇ ಅವರ ಕಣ್ಣು ಹೊಳೆಯಿತು. ಕೋಟು ಬಿಚ್ಚಿ ನರ್ಸಮ್ಮನ ಹೆಗಲಿಗೆ ಹಾಕಿದರು, ಗೂಟವೇನೋ ಎಂಬಂತೆ.

“ನೇರ ಎಳೆತ, ಅಲ್ವೇನ್ರೀ?”

“ನೇರ ಎಳೆತ, ಸಾರ್.”

“ಹಿಡೀರಿ ಮತ್ತೆ.”

ಹೆಂಡತಿ, ನರ್ಸಮ್ಮ ಮತ್ತೆ ಕೆಳಗಿನ ಗಾಜಿನ ಅಂಚು ಒತ್ತಿ ಹಿಡಿದರು. ನಾಲ್ಕು ಕೈ ಒಂದು ಹಿಡಿಕೆಗೆ ಬಿದ್ದವು. ಒಂದು, ಎರಡು, ಮೂರು. ಠಪ್ಪೆಂದು ಸದ್ದಾಯಿತು. ಬಿಟ್ಟುಕೊಂಡಿತು, ಸಂಶಯವಿಲ್ಲ. ಆದರೆ ಬಿಟ್ಟುಕೊಂಡದ್ದು ಕಾರ್ಖಾನೆಯ ಅತ್ಯುತ್ತಮ ಅಂಟು. ಬರೀ ನೀರು ಹಿಡಿದದ್ದನ್ನು ಹಿಡಿದೇ ಇತ್ತು. ಸಾಹೇಬರು ಹಿಡಿಕೆಯ ಸಮೇತ ಹಿಂದಕ್ಕೆ ಹೋಗಿ ನೆಲಕ್ಕೆ ಕೂತರು. ಅಂಟುರಾಯರು ಸಾಹೇಬರ ಮೇಲೆ ಕೂತರು.

ಅತ್ತೆ ಒಂದು ಲೋಟ ನೀರು ಹಿಡಿದು ಬಂದರು. ಗಾಜುಗಳ ಸಂದಿಗುಂಟ ಸಣ್ಣಗೆ ಸುರಿದರು. ಮೇಲಿನ ಗಾಜಿನ ಮೇಲೆ ಎರಡೂ ಅಂಗೈ ಊರಿ, ಪಕ್ಕಕ್ಕೆ ಒಂದೇ ಸಮನೆ ತಳ್ಳಿದರು. ಮೊದಲು ಒಂದು ಬೆರಳು ಜರುಗಿತು, ಆಮೇಲೆ ಒಂದು ಮೊಳ. ದೋಣಿ ದಡ ಬಿಟ್ಟಂತೆ ಮೇಜಿನಾಚೆಗೆ ಬಂದ ಗಾಜನ್ನು ನರ್ಸಮ್ಮ ಹಿಡಿದುಕೊಂಡರು.

ಸಾಹೇಬರು ನೆಲದಿಂದಲೇ ಕೇಳಿದರು. “ತಾಯೀ, ತಾವು ಎಲ್ಲಿ ಕೆಲಸದಲ್ಲಿದ್ರಿ?”

ಅಂಟುರಾಯರು ಕೆಮ್ಮಿದರು. ‘ನಮ್ಮತ್ತೆ ದೊಡ್ಡಾಸ್ಪತ್ರೆಯಲ್ಲಿ ಮುಖ್ಯವಾದ ಹುದ್ದೆಯಲ್ಲಿದ್ರು’ ಎಂದು ಅವರು ಕಾರ್ಖಾನೆಯಲ್ಲೆಲ್ಲ ಹೇಳಿಟ್ಟಿದ್ದರು.

“ಆಸ್ಪತ್ರೆ ಕ್ಯಾಂಟೀನಲ್ಲಿ ತಟ್ಟೆ ತೊಳೀತಿದ್ದೆ ಸಾರ್, ಮೂವತ್ತು ವರ್ಷ. ಒದ್ದೆ ತಟ್ಟೆ ಒಂದರ ಮೇಲೊಂದು ಕೂತ್ಕೊಂಡ್ರೆ ಎತ್ತಿದ್ರೆ ಬರಲ್ಲ. ಸರಿಸಿದ್ರೆ ಬರುತ್ತೆ. ಅದನ್ನೇ ಆಗಿನಿಂದ ಹೇಳೋಕೆ ಹೊರಟಿದ್ದೆ.”

ಸಾಹೇಬರು ಡಬ್ಬಿಯ ಆನೆಯನ್ನು ನೋಡಿ ನಿಟ್ಟುಸಿರಿಟ್ಟರು. “ನಮ್ಮ ಅಂಟಿಗೂ ನೀರು ಸೇರಿಸ್ತೀವಲ್ಲ, ಅದ್ಯಾಕೆ ಹಿಡೀಲಿಲ್ಲ?”

“ಜಾಸ್ತಿ ಸೇರಿಸ್ತೀರೇನೋ,” ಎಂದರು ಅತ್ತೆ, ಬಹಳ ಮೆತ್ತಗೆ. “ತೆಳ್ಳಗಿದ್ರೆ ಹಿಡಿಯುತ್ತೆ. ಸುರಿದ್ರೆ ಜಾರುತ್ತೆ.”

ನರ್ಸಮ್ಮ ಕೋಟಿನೊಳಗೆ ಮುಖ ಮುಚ್ಚಿಕೊಂಡರು. ಹೊಸ ಗಾಜಿನ ಮೇಲೆ ಚಹಾ ಮುಗಿಯಿತು. ಗಾಜಿನಲ್ಲಿ ಸಾಹೇಬರ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ಅದನ್ನು ನೋಡುವ ಧೈರ್ಯ ಅಂಟುರಾಯರಿಗೆ ಇರಲಿಲ್ಲ.

ಸೋಮವಾರ ಸಂಜೆ ಅವರು ಮನೆಗೆ ಬಂದಾಗ ಎದೆ ಮುಂದಿತ್ತು.

“ಕುರ್ಚಿ ನಂದೇ,” ಎಂದರು.

ಹೆಂಡತಿಗೆ ನಂಬಿಕೆ ಬರಲಿಲ್ಲ. “ಅಷ್ಟೆಲ್ಲ ಆದ್ಮೇಲೂ? ಏನಂದ್ರು?”

“ಕೋಣೆಗೆ ಕರೆದು ಬಾಗಿಲು ಹಾಕಿದ್ರು. ‘ಭಾನುವಾರ ನಾನು ನಿಮ್ಮನೆಗೆ ಬಂದಿಲ್ಲ. ನೀವು ನನ್ನ ಮೇಲೆ ಬಿದ್ದಿಲ್ಲ. ನಮ್ಮ ಅಂಟು ಬಿಟ್ಕೊಂಡಿಲ್ಲ. ಈ ಮೂರು ನೆನಪಿರೋ ತನಕ ಕುರ್ಚಿ ನಿಮ್ದು’ ಅಂದ್ರು.”

“ಅಂದ್ರೆ ಹೇಗೆ ಸಿಕ್ತು ಅಂತ ಯಾರ ಹತ್ರಾನೂ ಜಂಬ ಕೊಚ್ಚೋ ಹಾಗಿಲ್ಲ.”

ಅಂಟುರಾಯರು ಬಾಯಿ ತೆರೆದರು, ಮುಚ್ಚಿದರು. ಇಪ್ಪತ್ತೆರಡು ವರ್ಷ ಕಾದು ದಕ್ಕಿದ ಕುರ್ಚಿ, ಮಾತಾಡಿದರೆ ಹೋಗುವಂಥದ್ದು.

ಅಷ್ಟರಲ್ಲಿ ಅತ್ತೆ ಎದ್ದು ಹೋಗಿ, ಮೂಲೆಯಲ್ಲಿ ಬಿದ್ದಿದ್ದ ಹಳೇ ಸುದ್ದಿಪತ್ರಿಕೆಯನ್ನು ಕೊಡವಿ, ನೀಟಾಗಿ ಮಡಿಚಿ ತಂದು ಅಳಿಯನ ಕೈಗಿಟ್ಟರು.

“ಇದ್ಯಾಕೆ ಅತ್ತೇ?”

“ನಾಳೆಯಿಂದ ಕೂರುವಾಗ ಕುರ್ಚಿ ಮೇಲೆ ಇದನ್ನ ಹಾಸ್ಕೊಳ್ಳಿ ಅಳಿಯಂದ್ರೇ. ನಿಮಗೂ ಅದಕ್ಕೂ ಮಧ್ಯೆ ಒಂದು ಹಾಳೆ ಇರ್ಲಿ. ಆಮೇಲೆ ಅಂಟ್ಕೊಂಡ್ಬಿಟ್ರೆ ಬಿಡಿಸೋಕೆ ನಾನೇ ಬರ್ಬೇಕಾಗುತ್ತೆ.”